ಸ್ಪರ್ಶಪಟ ಮತ್ತು ಬಳೆಗಾರ್ತಿಯ ಬೆರಳು

ಧಾರವಾಡದ ತಮ್ಮ ಕೋಣೆಯಲ್ಲಿ ಕುಳಿತು ಡಾಕ್ಟರ್ ನಿರುಪಮಾ ಹಂಚಿನಾಳ ಮೇಜಿನ ಮೇಲಿದ್ದ ತೆಳು ಹಾಳೆಯನ್ನು ಸವರಿದರು. ಒರಟಾಗಿತ್ತು, ಹೊಟ್ಟು ಎದ್ದಿತ್ತು, ಸ್ವಲ್ಪ ಬಿಸಿಯೂ ಇತ್ತು. ಅವರು ಮುಟ್ಟಿದ್ದು ದೂರದ ಗುಳೇದಗುಡ್ಡದಲ್ಲಿದ್ದ ಬಳೆಗಾರ್ತಿ ಸಿದ್ಲಿಂಗವ್ವನ ಬೆರಳನ್ನು. ಅವರೇ ಕಂಡುಹಿಡಿದ ಸ್ಪರ್ಶಪಟದ ಕೆಲಸವಿದು: ರೋಗಿಗೆ ಅಂಟಿಸಿದ ಹಾಳೆ ಚರ್ಮದ ಉಬ್ಬುತಗ್ಗು, ಬಿಸಿ, ತೇವಗಳನ್ನು ಅಳೆದು ಕಳಿಸುತ್ತದೆ, ವೈದ್ಯರ ಮೇಜಿನ ಹಾಳೆ ಹಾಗೆಯೇ ಉಬ್ಬಿ ತಗ್ಗುತ್ತದೆ. ೨೦೬೧ರ ಹೊತ್ತಿಗೆ ಜನ ಚರ್ಮರೋಗಕ್ಕೆಂದು ಬಸ್ಸು ಹತ್ತುವುದನ್ನು ಮರೆತಿದ್ದರು. ಯಾರಾದರೂ ಡಾಕ್ಟರಿಗೆ ತೋರಿಸಿಕೊಳ್ಳುವಾಗ ನಡುವೆ ತಾವೂ ತೂರಿಕೊಳ್ಳುವುದನ್ನು ಮಾತ್ರ ಮರೆತಿರಲಿಲ್ಲ.

ಸಿದ್ಲಿಂಗವ್ವನ ಬೆರಳಲ್ಲಿ ಕಲೆ ಎದ್ದು ಮೂರು ತಿಂಗಳಾಗಿತ್ತು. ಅಂದಿನಿಂದ ಓಣಿಯ ಒಬ್ಬ ಹೆಂಗಸೂ ಅವಳ ಮುಂದೆ ಕೈ ಚಾಚಿರಲಿಲ್ಲ. ಎದುರುಮನೆಯ ಚನ್ನಕ್ಕನಂತೂ ಬರುವ ಶುಕ್ರವಾರ ನಡೆಯಲಿದ್ದ ಮಗಳ ಸೀಮಂತಕ್ಕೆ ಬಾದಾಮಿಯಿಂದ ಬೇರೆ ಬಳೆಗಾರ್ತಿಯನ್ನು ಗೊತ್ತು ಮಾಡಿದ್ದಳು. ಮೂವತ್ತು ವರ್ಷ ಆ ಓಣಿಗೆಲ್ಲ ಬಳೆ ಇಟ್ಟವಳಿಗೆ ಇದು ತಡೆಯಲಾರದ ಸಂಕಟ. ಅದೇ ಚನ್ನಕ್ಕ ಇವತ್ತು ಧೈರ್ಯ ಹೇಳಲು ಬಂದು ಬಾಗಿಲಲ್ಲೇ ನಿಂತಿದ್ದಳು.

ಪರೀಕ್ಷೆ ಮುಗಿಯಿತು. ಹಾಳೆ ತೆಗೆದಿಡಲು ಹೇಳಿ ನಿರುಪಮಾ ಅಂಕಿಗಳನ್ನು ಓದತೊಡಗಿದರು. ಅಷ್ಟರಲ್ಲಿ ಮೇಜಿನ ಹಾಳೆ ತಾನಾಗಿಯೇ ಅಲುಗಿತು. ಮುಟ್ಟಿದರೆ ಒಡೆದ ಹಿಮ್ಮಡಿ. ಸ್ವಲ್ಪ ಹೊತ್ತಿಗೆ ನುಣ್ಣಗಿನದೇನೋ, ದುಂಡಗೆ.

“ಯಾರ್ರೀ ಅದು?”

ಪರದೆಯಲ್ಲಿ ಚನ್ನಕ್ಕ ಹಲ್ಲು ಕಿರಿದಳು. “ಹಾಳಿ ಹೆಂಗೂ ಹೊಸ್ತಲ ಹತ್ರ ಖಾಲಿ ಬಿದ್ದಿತ್ರಿ ಬಾಯಾರ. ಹಂಗ ನಮ್ದೂ ಒಂಚೂರು ನೋಡಿಬಿಡ್ರಿ. ಹಿಮ್ಮಡ ನಂದು, ತಲಿ ನಮ್ಮ ಮನ್ಯಾರ್ದು. ಓಡಿಹೋಗಿ ಕರಕೊಂಡು ಬಂದೆ.”

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿ.

“ಒಬ್ಬರ ಹಾಳಿ ಇನ್ನೊಬ್ಬರು ಹಚ್ಕೋಬಾರದು,” ನಿರುಪಮಾ ಗದರಿದರು. “ಅದು ಈಗಷ್ಟ ಸಿದ್ಲಿಂಗವ್ವನ ಬೆರಳಿಂದ ತಗದದ್ದು, ಗೊತ್ತದನೋ ಇಲ್ಲೋ?”

ಚನ್ನಕ್ಕನ ಮುಖ ಬಿಳಿಚಿಕೊಂಡಿತು. ಗಂಡ ಅವಳ ಸೆರಗಿನಿಂದಲೇ ಬೋಳುತಲೆ ತಿಕ್ಕಿಕೊಳ್ಳತೊಡಗಿದ. “ನಮಗೂ ಹತ್ತತೈತೇನ್ರಿ ಬಾಯಾರ?” ಎಂದು ಚನ್ನಕ್ಕ ಕೇಳಿದಳು.

“ಇಲ್ಲ. ಅದು ಸೋರಿಯಾಸಿಸ್. ಮೈ ಅವಸರ ಮಾಡಿ ಹೊಸ ಚರ್ಮ ಹುಟ್ಟಸ್ತದ, ಅಷ್ಟ. ಮುಟ್ಟಿದ್ರ ಹತ್ತೂದಿಲ್ಲ. ಮುಲಾಮು ಬರೀತೀನಿ, ಹಿಡಿತಕ್ಕ ಬರ್ತದ.”

ತನ್ನ ಹಿಮ್ಮಡಿಯ ಪ್ರಶ್ನೆಯಾದ್ದರಿಂದ ಚನ್ನಕ್ಕ ಆ ಮಾತನ್ನು ಕೂಡಲೇ ನಂಬಿದಳು.

“ನನ್ನ ಗಂಡಗ ಹತ್ತಿಲ್ಲ, ಮೊಮ್ಮಗಗ ಹತ್ತಿಲ್ಲ ಅಂತ ಮೂರು ತಿಂಗಳ ಬಡಕೊಂಡೆ,” ಎಂದಳು ಸಿದ್ಲಿಂಗವ್ವ. “ಆವಾಗ ಯಾಕ ನಂಬಲಿಲ್ಲ ನೀನು?”

ಚನ್ನಕ್ಕ ಒಳಗೆ ಬಂದು ಚಾಪೆಯ ಮೇಲೆ ಕುಳಿತು ಕೈ ಚಾಚಿದಳು. “ತಪ್ಪಾತು. ಮೊದ್ಲ ನನಗ ಬಳಿ ಇಡು. ಶುಕ್ರಾರ ಹುಡುಗಿಗೂ ನೀನ ಇಡಬೇಕು.”

ಚರ್ಮದಿಂದ ತೆಗೆದ ಕೂಡಲೇ ಹಾಳೆ ನಿಂತುಹೋಗುವಂತೆ ಮಾಡಬೇಕು ಎಂದು ನಿರುಪಮಾ ಬರೆದುಕೊಂಡರು. ಮಾಡಲೇಬೇಕಾದ ತಿದ್ದುಪಡಿ ಅದು. ಮೊದಲೇ ಆ ತಿದ್ದುಪಡಿ ಆಗಿದ್ದಿದ್ದರೆ ಚನ್ನಕ್ಕ ಇನ್ನೂ ಬಾಗಿಲಲ್ಲೇ ಇರುತ್ತಿದ್ದಳಲ್ಲ ಎಂದುಕೊಂಡು ಪೆನ್ನು ಕೆಳಗಿಟ್ಟರು. ಈ ಕಾಯಿಲೆ ಮುಟ್ಟಿದರೆ ಅಂಟುವುದಿಲ್ಲವೆಂದು ಪುಸ್ತಕಗಳಲ್ಲಿ ನಮ್ಮ ನಿಮ್ಮ ಕಾಲದಲ್ಲೇ ಬರೆದಿದೆ. ಓದಿಯೂ ನಾವು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಲೇ ಇದ್ದೇವೆ.