ಪಾಪು ಸೈಕಲ್ ತುಳಿದ ದಿನ

"ಅಮ್ಮಾ! ಪಾಪು ಸೈಕಲ್ ತುಳೀತಿದಾನೆ!"

ವಾರ್ಡಿನ ಬಾಗಿಲಲ್ಲೇ ರೇಡಿಯೋ ಕೂಗಿದಳು. ಅವಳಿಗೆ ಒಳ್ಳೆಯ ಹೆಸರೇ ಇತ್ತು. ಆದರೆ ಬಾಯಲ್ಲಿ ಒಂದು ಸುದ್ದಿಯೂ ನಿಲ್ಲದ ಹುಡುಗಿಯನ್ನು ಮನೆಯವರು ಇನ್ನೇನಂತ ಕರೆದಾರು!

"ಮೆಲ್ಲಗೆ ಮಾತಾಡೇ, ಎಲ್ಲರೂ ಮಲಗಿದಾರೆ" ಎಂದಳು ಅಮ್ಮ. "ನಿಜವಾಗ್ಲೂನಾ?"

"ಕಣ್ಣಾರೆ ನೋಡ್ದೆ! ಒಂದು ಕಾಲು ಹಿಂಗೆ, ಇನ್ನೊಂದು ಹಿಂಗೆ. ಬಾಯಿ ಬೇರೆ ಚಪ್ಪರಿಸ್ತಿದ್ದ. ನಾನು ಚಪ್ಪಾಳೆ ತಟ್ಟಿದೆ."

ಅಮ್ಮ ನಕ್ಕಳು. ಆಪರೇಷನ್ ಆದಮೇಲೆ ನಕ್ಕಿದ್ದು ಇದೇ ಮೊದಲು. ಹೊಲಿಗೆ ಎಳೆದು "ಅಯ್ಯಪ್ಪಾ" ಎಂದು ಹೊಟ್ಟೆ ಹಿಡಿದುಕೊಂಡಳು. ಆದರೂ ಪಕ್ಕದ ಮಂಚದ ಅಜ್ಜಿಯನ್ನು ಕರೆದು, "ಕೇಳಿದ್ರಾ, ನನ್ನ ಮಗ ಸೈಕಲ್ ತುಳೀತಿದಾನಂತೆ" ಎಂದಳು.

ಪಾಪು ಹುಟ್ಟಿದಾಗ ಅಳಲೇ ಇಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಬಿಗಿದು ಅವನ ಮಿದುಳಿಗೆ ಆಕ್ಸಿಜನ್ ಸಾಲದೇ ಹೋಗಿತ್ತು. ಆವಾಗಿನಿಂದ ಅವನು ಮಕ್ಕಳ ಐಸಿಯುನಲ್ಲಿದ್ದ. ಮಿದುಳಿಗಾದ ಪೆಟ್ಟು ಇನ್ನೂ ಹೆಚ್ಚಾಗದಿರಲಿ ಅಂತ ತಣ್ಣನೆಯ ಹಾಸಿಗೆ ಮೇಲೆ ಮಲಗಿಸಿದ್ದರು. ತಲೆಗೆಲ್ಲ ವೈರು ಅಂಟಿಸಿದ್ದರು. ಪಕ್ಕದ ಮಾನಿಟರಿನಲ್ಲಿ ಅವನ ಮಿದುಳಿನ ಗೆರೆಗಳು ಓಡುತ್ತಿದ್ದವು.

ಅಮ್ಮ ಇನ್ನೂ ಮಂಚ ಬಿಟ್ಟು ಎದ್ದಿರಲಿಲ್ಲ. ಐಸಿಯು ಒಳಗೆ ಅಪ್ಪನನ್ನು ಮಾತ್ರ ಬಿಡುತ್ತಿದ್ದರು. ರೇಡಿಯೋ ಗಾಜಿನ ಹೊರಗೆ ನಿಂತು ನೋಡಿ ಅಮ್ಮನಿಗೆ ಸುದ್ದಿ ತರಬೇಕು. ಪಾಪ, ತರುವುದಕ್ಕೆ ಸುದ್ದಿಯೇ ಇರಲಿಲ್ಲ. ಇವತ್ತಿನವರೆಗೆ ಪಾಪು ಅಲುಗಾಡಿಯೇ ಇರಲಿಲ್ಲ.

"ಇನ್ನೂ ತುಳೀತಿದಾನಾ ನೋಡ್ಕೊಂಡು ಬರ್ತೀನಿ" ಎಂದು ರೇಡಿಯೋ ಮತ್ತೆ ಓಡಿದಳು.

ಗಾಜಿನಾಚೆ ಡಾಕ್ಟರಮ್ಮ, ಸಿಸ್ಟರ್ ಇಬ್ಬರೂ ಪಾಪುವಿನ ಮೇಲೆ ಬಾಗಿದ್ದರು. ಸಿಸ್ಟರ್ ಅವನ ಕೈಯ ಟ್ಯೂಬಿಗೆ ನಿಧಾನವಾಗಿ ಔಷಧಿ ಬಿಡುತ್ತಿದ್ದರು. ಅಪ್ಪ ಹೊರಗೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಫಿಟ್ಸ್ ಬಂತು ಮಗಳೇ."

"ಫಿಟ್ಸಾ? ಇಲ್ಲಪ್ಪ, ಅವನು ಸೈಕಲ್ ತುಳೀತಿದ್ದ ಅಷ್ಟೇ!"

ಹಿಂದೆಯೇ ಬಂದ ಡಾಕ್ಟರಮ್ಮ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಅದೇ ಫಿಟ್ಸ್ ಪುಟ್ಟಾ. ಇಷ್ಟು ಚಿಕ್ಕವರಿಗೆ ದೊಡ್ಡವರ ಥರ ಬರಲ್ಲ. ಕೆಲವು ಸಲ ಹೀಗೆ ಕಾಲು ತುಳೀತಾರೆ, ಬಾಯಿ ಚಪ್ಪರಿಸ್ತಾರೆ. ನೋಡೋರಿಗೆ ಆಟ ಅನ್ಸತ್ತೆ."

ರೇಡಿಯೋ ತಾನು ತಟ್ಟಿದ ಚಪ್ಪಾಳೆ ನೆನಪಾಗಿ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಾನು ನಿಮ್ಗೆ ಹೇಳ್ದೇನೇ ಓಡ್ಹೋದೆ. ನನ್ನಿಂದ ಲೇಟಾಯ್ತಾ?"

"ಇಲ್ಲಮ್ಮ. ಬೆಳಿಗ್ಗೆಯಿಂದ್ಲೂ ಮಾನಿಟರಿನ ಗೆರೆ ಸರಿ ಇರ್ಲಿಲ್ಲ. ಫಿಟ್ಸ್ ಬರಬಹುದು ಅಂತ ಔಷಧಿ ರೆಡಿ ಇಟ್ಕೊಂಡೇ ಕಾಯ್ತಿದ್ವಿ."

"ಇನ್ನು ಬರಲ್ಲ ಅಲ್ವಾ?"

"ಗೊತ್ತಿಲ್ಲ ಪುಟ್ಟಾ. ಬರಬಹುದು."

ಅಪ್ಪ ಅವಳ ಭುಜ ಹಿಡಿದ. "ಅಮ್ಮಂಗೆ ಈಗ್ಲೇ ಹೇಳ್ಬೇಡ. ಇವತ್ತೊಂದು ದಿನ ನೆಮ್ಮದಿಯಾಗಿರ್ಲಿ."

ವಾರ್ಡಿನಲ್ಲಿ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. "ಬಾರೇ, ಅಜ್ಜಿಗೂ ಮಾಡಿ ತೋರ್ಸು. ಹೆಂಗೆ ತುಳಿದ?"

ರೇಡಿಯೋ ಕೈ ಎತ್ತಲಿಲ್ಲ.

"ಯಾಕೆ, ರೇಡಿಯೋ ಕೆಟ್ಟುಹೋಯ್ತಾ?" ಅಮ್ಮ ಮತ್ತೆ ನಕ್ಕಳು.

ಆ ನಗುವನ್ನು ನೋಡಿಕೊಂಡು ಸುಮ್ಮನಿರಲು ಅವಳಿಂದ ಆಗಲಿಲ್ಲ.

"ಅಮ್ಮ, ಅದು ಸೈಕಲ್ ಅಲ್ಲ. ಫಿಟ್ಸಂತೆ. ನಂಗೆ ಗೊತ್ತಾಗ್ಲಿಲ್ಲ."

ಅಜ್ಜಿ ಲೊಚಗುಟ್ಟಿ ಮುಖ ಆಚೆ ತಿರುಗಿಸಿದರು. ಅಮ್ಮ ಹೊದಿಕೆ ಸರಿಸಿ ಕಾಲು ನೆಲಕ್ಕಿಟ್ಟಳು.

"ಕೈ ಕೊಡು. ನಾನೂ ನೋಡ್ಬೇಕು."

ಗೋಡೆ ಹಿಡಿದು, ಅಲ್ಲಲ್ಲಿ ನಿಂತು, ಹಲ್ಲು ಕಚ್ಚಿ ಅಮ್ಮ ನಡೆದಳು. ಗಾಜಿನಾಚೆ ಪಾಪು ಅಲುಗದೆ ಮಲಗಿದ್ದ. ಅಮ್ಮ ತನ್ನ ಮಗನನ್ನು ನೋಡುತ್ತಿರುವುದೇ ಇದು ಮೊದಲು. ಅವಳ ಕಣ್ಣಲ್ಲಿ ಬಳಬಳ ನೀರು ಸುರಿಯಿತು.

"ಕಂದಾ, ಅಮ್ಮ ಬಂದಿದೀನಿ ಕಣೋ. ಒಂದ್ಸಲ ಕಾಲಾಡ್ಸೋ" ಎಂದು ಗಾಜು ತಟ್ಟಲು ಬೆರಳೆತ್ತಿದಳು.

ರೇಡಿಯೋ ಆ ಬೆರಳು ಹಿಡಿದುಕೊಂಡಳು.

"ಬೇಡಮ್ಮ. ಸುಮ್ನೆ ಮಲಗಿರ್ಲಿ."

ಅಮ್ಮನ ಕೈಯನ್ನು ಹಾಗೇ ಹಿಡಿದುಕೊಂಡು, ರೇಡಿಯೋ ಆ ಪುಟ್ಟ ಕಾಲುಗಳನ್ನೇ ನೋಡುತ್ತ ನಿಂತಳು. ಅಲುಗದಿರಲಿ, ಅಲುಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.