ಹಿಂದಿನ ಎರಡು ಚಕ್ರ

ಹುಣಸೂರಿನ ಮಡಿಕೇರಿ ರಸ್ತೆಯ ಟೈರ್ ಅಂಗಡಿಗೆ ಬರುವ ಗಂಡಸರೆಲ್ಲ ಬೃಂದಾಗೆ ಅಣ್ಣಂದಿರು. ಲಾರಿಯವನು ಅಣ್ಣ, ಟ್ರ್ಯಾಕ್ಟರಿನವನು ಅಣ್ಣ, ಅಪ್ಪನಿಗಿಂತ ಹಿರಿಯರಾದ ಜೀಪಿನ ಯಜಮಾನರೂ ಅಣ್ಣನೇ. ಉಮಾಶಂಕರನೊಬ್ಬನಿಗೆ ಮಾತ್ರ ಆ ಪದ ಅವಳ ನಾಲಿಗೆಯ ಮೇಲೆ ಬರುತ್ತಿರಲಿಲ್ಲ. "ಇವ್ರೇ" ಅನ್ನುತ್ತಿದ್ದಳು. ಇಲ್ಲವೇ ಸ್ಪ್ಯಾನರಿನಿಂದ ರಿಮ್ಮಿನ ಮೇಲೆ ಟಕ್ಕೆಂದು ಬಡಿದು ಕರೆಯುತ್ತಿದ್ದಳು.

ಉಮಾಶಂಕರ ಕಂಪಲಾಪುರದವನು, ಹೊಗೆಸೊಪ್ಪು ಬೆಳೆಯುವವನು. ಒಂದು ವರ್ಷದಿಂದ ವಾರಕ್ಕೆರಡು ಸಲ ಬೈಕಿಗೆ ಗಾಳಿ ನೋಡಿಸಲು ಹುಣಸೂರಿಗೇ ಬರುತ್ತಿದ್ದ, ಕಂಪಲಾಪುರದಲ್ಲಿ ಗಾಳಿಯೇ ಇಲ್ಲವೇನೋ ಅನ್ನುವ ಹಾಗೆ. ಬೃಂದಾ ಬಗ್ಗಿ ಗೇಜ್ ಹಿಡಿದಾಗ ಅವನು ಗೇಜ್ ನೋಡುತ್ತಿರಲಿಲ್ಲ. ಅವಳ ಕೆನ್ನೆಗೆ ಮೆತ್ತಿಕೊಂಡ ಮಸಿ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಎದುರಿನ ಲೈಟು ಕಂಬ ನೋಡುತ್ತಿದ್ದ.

"ಆವಯ್ಯನ ಟೈರು ಸರ‍್ಯಾಗೇ ಅವೆ ಕಣವ್ವ," ಎಂದು ಮಂಡಿನೋವಿನಿಂದ ಕುರ್ಚಿ ಹಿಡಿದಿದ್ದ ಅಪ್ಪ ಅಣ್ಣಯ್ಯ ನಗುತ್ತಿದ್ದರು. "ಗಾಳಿ ಒಡ್ದಿರೋದು ತಲೆಗೆ."

ಬೃಂದಾಗೂ ನಗು ಬರುತ್ತಿತ್ತು. ಆದರೆ ಅವನು ಹೋದ ಮೇಲೆ ಪ್ರತಿ ಸಲವೂ ಆ ನಗು ಆರಿಹೋಗುತ್ತಿತ್ತು. ಅವನಿಗೆ ಹೇಳಬೇಕಾದ ಮಾತೊಂದನ್ನು ಅವಳು ಎರಡು ವರ್ಷದಿಂದ ನುಂಗಿಕೊಂಡಿದ್ದಳು. ಹೇಳಿದರೆ ಅವನು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಾಗಿತ್ತು.

ಆಷಾಢದ ಒಂದು ಬೆಳಗ್ಗೆ, ಜಿಟಿಜಿಟಿ ಮಳೆಯಲ್ಲಿ, ಅವನು ಬೈಕ್ ಬಿಟ್ಟು ಕೆಂಪು ಕಾರಿನಲ್ಲಿ ಬಂದ. ಬೃಂದಾಳ ಕೈಯಲ್ಲಿದ್ದ ಗಾಳಿ ಪೈಪು ಕೆಳಗೆ ಬಿತ್ತು.

ಅದು ಚಂದುವಿನ ಕಾರು. ಚಂದು ಉಮಾಶಂಕರನ ತಮ್ಮ. ಎರಡು ವರ್ಷದ ಹಿಂದೆ ಇದೇ ಆಷಾಢದಲ್ಲಿ, ಕಂಪಲಾಪುರಕ್ಕೆ ಮುಂಚಿನ ತಿರುವಿನಲ್ಲಿ, ಇದೇ ಕಾರಿನೊಳಗೆ ಸತ್ತಿದ್ದ. ಇಷ್ಟು ದಿನ ಟಾರ್ಪಾಲಿನಡಿ ಬಿದ್ದಿದ್ದ ಕಾರಿಗೆ ಈಗ ಹೊಸ ಬಾಗಿಲು ಬಂದಿತ್ತು, ಹೊಸ ಬಣ್ಣ ಬಂದಿತ್ತು.

"ಮೈಸೂರಲ್ಲಿ ರಿಪೇರಿ ಮಾಡ್ಸಿದೆ," ಎಂದ ಉಮಾಶಂಕರ. ಅವತ್ತು ಅವನು ಲೈಟು ಕಂಬ ನೋಡಲಿಲ್ಲ, ಅವಳನ್ನೇ ನೋಡಿದ. "ಬರೋ ಭಾನ್ವಾರ ಚಂದು ಸ್ನೇಹಿತ್ರು ಅವನ ಎಸ್ರಲ್ಲಿ ಒಂದು ರೇಸು ಮಡಗವ್ರೆ. ಅವನ ಬದ್ಲು ನಾನು ಓಡಿಸ್ತೀನಿ ಅಂದಿದೀನಿ. ಎಂಥ ಪವರ್ರು ಕಣ್ರೀ ಇದು! ಕಾಲಿಟ್ರೆ ಸಾಕು, ಮುಂದಿನ ಚಕ್ರ ಎರಡೂ ನಿಂತಲ್ಲೇ ಗಿರ್ ಅಂತವೆ. ಚೆನ್ನಾಗಿ ಕಚ್ಚೋ ಟೈರು ಎರಡು ಕೊಡಿ. ಚಂದು ಆಕ್ಸಿದ್ನಲ್ಲ, ಅಂಗೇ ಮುಂದಕ್ಕೆ ಆಕಿ."

ಬೃಂದಾ ಸುಮ್ಮನೆ ಕಾರಿನ ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಹಿಂದಿನ ಟೈರುಗಳ ಗೀರಿನಲ್ಲಿ ಉಗುರಿಟ್ಟು ನೋಡಿದಳು. ಉಗುರಿನ ತುದಿಯೂ ಮುಳುಗಲಿಲ್ಲ. ಎರಡು ವರ್ಷದ ಹಿಂದೆಯೂ ಹೀಗೇ ಉಗುರಿಟ್ಟು, "ಇವು ಇನ್ನೂ ಒಂದು ಮಳೆಗಾಲ ಓಡ್ತವೆ ಬಿಡು" ಎಂದು ಚಂದುವಿಗೆ ಹೇಳಿದವಳು ಅವಳೇ.

"ಮುಂದಕ್ಕೆ ಹಾಕಲ್ಲ," ಎಂದಳು.

"ಯಾಕೆ?"

"ನಾಲ್ಕೂ ಹಾಕ್ತೀನಿ. ಎರಡೇ ಅಂದ್ರೆ ಹಿಂದಕ್ಕೆ ಹಾಕ್ತೀನಿ. ಅದೂ ಆ ರೇಸಿನ ಮೆತ್ತನೆ ಟೈರಲ್ಲ. ಅದು ಒಣ ರಸ್ತೇಲಿ ಜಿಗಣೆ ಥರ ಕಚ್ಚುತ್ತೆ, ನೀರು ನಿಂತ ಕಡೆ ತೇಲಿಬಿಡುತ್ತೆ. ಗೀರು ಆಳ ಇರೋದು, ಮಳೇಲೂ ಹಿಡಿಯೋದು ಕೊಡ್ತೀನಿ."

ಉಮಾಶಂಕರ ನಕ್ಕ. "ಎಳೆಯೋದು ಮುಂದಿನ ಚಕ್ರ, ಇಂದಕ್ಕೆ ಯಾಕ್ರೀ ಹೊಸ್ದು? ಎಳೆಯೋ ಎತ್ತಿಗೆ ಮೊದ್ಲು ಮೇವು ಅಂತ ನಿಮ್ಮಪ್ಪನೇ ಹೇಳ್ತಿರ‍್ತಾರಲ್ಲ."

ಕುರ್ಚಿಯಲ್ಲಿದ್ದ ಅಣ್ಣಯ್ಯ ತಲೆ ತಗ್ಗಿಸಿದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದು ಅಪ್ಪ ಮಗಳು ಇಬ್ಬರಿಗೇ.

ಈಗ ಅವಳು ಸುಮ್ಮನಿರಬಹುದಿತ್ತು. ಏನೋ ಒಂದು ನೆಪ ಹೇಳಿ, ಸ್ಟಾಕ್ ಇಲ್ಲ ಎಂದು ಸಾಗಹಾಕಬಹುದಿತ್ತು. ಆದರೆ ಊರಲ್ಲಿ ಟೈರ್ ಅಂಗಡಿ ಅವಳದೊಂದೇ ಅಲ್ಲ. ಮುಂದಿನ ಅಂಗಡಿಯವನು ಎರಡು ಮಾತಾಡದೆ ಮುಂದಕ್ಕೇ ಹಾಕಿ ಕಳಿಸುತ್ತಾನೆ, ಭಾನುವಾರ ಮಳೆ ಬರುತ್ತದೆ. ಇವನು ಬದುಕಬೇಕಾದರೆ ಇವನನ್ನು ಕಳೆದುಕೊಳ್ಳಲೇಬೇಕು ಎಂದು ಅವಳಿಗೆ ಆ ಗಳಿಗೆಯಲ್ಲಿ ಅನ್ನಿಸಿತು. ಕೈ ಒರೆಸಿಕೊಂಡು ಎದ್ದು ನಿಂತಳು.

"ಇವ್ರೇ, ಕೂತ್ಕೊಳಿ. ಒಂದು ಮಾತು ಹೇಳ್ಬೇಕು."

ಅವನು ಹಳೆ ಲಾರಿ ಟೈರಿನ ಮೇಲೆ ಕೂತ. ಅವಳು ನಿಂತೇ ಹೇಳಿದಳು.

"ಮುಂದೆ ಹೊಸದು, ಹಿಂದೆ ಸವೆದದ್ದು ಇದ್ರೆ, ಒದ್ದೆ ತಿರುವಲ್ಲಿ ಮೂತಿ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಹಿಂಭಾಗ ಜಾರುತ್ತೆ. ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ರಂತೂ ಮುಗೀತು, ಹಿಂದಿನದು ಮುಂದಕ್ಕೆ ಬಂದು ಕಾರು ಗಿರಕಿ ಹೊಡೆದುಬಿಡುತ್ತೆ. ಎಂಥ ಡ್ರೈವರ್ ಆದ್ರೂ ಹಿಡಿಯೋಕಾಗಲ್ಲ. ನಂಗೆ ಅವಾಗ ಗೊತ್ತಿರಲಿಲ್ಲ. ಅಪ್ಪ ಹಂಗೇ ಹಾಕ್ತಿದ್ರು, ನಾನೂ ಹಂಗೇ ಹಾಕ್ತಿದ್ದೆ. ಚಂದು ಹೋದ ಒಂದು ತಿಂಗಳಿಗೆ ಮೈಸೂರಲ್ಲಿ ಟ್ರೈನಿಂಗ್ ಇತ್ತು, ಅಲ್ಲಿ ಹೇಳಿಕೊಟ್ರು. ಹೇಳಿಕೊಟ್ಟವರು ಬೋರ್ಡಿನ ಮೇಲೆ ಕಾರು ಬರೆದು ತಿರುಗಿಸಿ ತೋರಿಸಿದ್ರು. ಆ ಚಿತ್ರ ನಾನು ಆಗಲೇ ನೋಡಿದ್ದೆ. ಎಲ್ಲರ ಮೊಬೈಲಲ್ಲೂ ಬಂದಿತ್ತಲ್ಲ, ನಿಮ್ಮ ತಮ್ಮನ ಕಾರಿನ ಫೋಟೋ. ಮೂತಿ ಹುಣಸೂರ ಕಡೆಗೇ ತಿರುಗಿತ್ತು."

ಉಮಾಶಂಕರ ಕಾರಿನ ಹಿಂದಿನ ಚಕ್ರದ ಕಡೆ ತಿರುಗಿ ನೋಡಿದ.

"ಆ ಟೈರು ಹಾಕಿದ್ದು ಈ ಕೈ," ಎಂದಳು ಬೃಂದಾ. "ಬೇರೆ ಅಂಗಡಿಗೆ ಹೋಗಿ ಅಣ್ಣಾ. ಆದ್ರೆ ಹಿಂದಕ್ಕೇ ಹಾಕಿಸ್ಕೊಳಿ. ಅಷ್ಟು ಮಾತು ನಡೆಸ್ಕೊಡಿ."

ಶೀಟಿನ ಮೇಲೆ ಮಳೆ ಸಣ್ಣಗೆ ಬೀಳುತ್ತಿತ್ತು. ಅವನು ಕೇಳಿದ್ದು ಅವಳು ಎದುರುನೋಡಿದ ಪ್ರಶ್ನೆಯಲ್ಲ.

"ಅಂಗಾದ್ರೆ ಅವನು ವಾಪಸ್ ತಿರುಗಿಸ್ಕಂಡಿರ‍್ಲಿಲ್ವಾ?"

"ಏನು?"

"ಅವತ್ತು ಬೆಳಿಗ್ಗೆ ಜಗಳ ಆಗಿತ್ತು ಕಣ್ರೀ. ಹೊಗೆಸೊಪ್ಪು ಬೇಯ್ಸಕೆ ಬ್ಯಾರನ್ ಗೂಡಿಗೆ ಏರ‍್ಸೋ ದಿನಾನೂ ಕಾರು ಕಾರು ಅಂತ ಓಡ್ತಿದ್ದ. ಈ ಮನೆ ಹೊಸ್ಲು ತುಳೀಬೇಡ ಅಂದುಬುಟ್ಟೆ. ಸಾಯಂಕಾಲ ಅವ್ವಂಗೆ ಎದೆನೋವು ಬಂತು. ಅವನು ಉಣಸೂರಲ್ಲಿದ್ದ, ಬೇಗ ಬಾ ಅಂತ ಫೋನ್ ಮಾಡ್ದೆ. ಬತ್ತಾ ಇವ್ನಿ ಕಣಣ್ಣ ಅಂದ. ಆಮೇಲೆ ನೋಡಿದ್ರೆ ಕಾರಿನ ಮೂತಿ ಉಣಸೂರ ಕಡೆಗೆ. ನನ್ನ ಮೇಲಿನ ಸಿಟ್ಟಿಗೆ ಅರ್ಧ ದಾರೀಲಿ ತಿರುಗಿಸ್ಕಂಡ ಅಂದ್ಕಂಡೆ. ಅವ್ವನೂ ಅಂಗೇ ಅಂದ್ಕಂಡವಳೆ. ನಾನು ಸಾಯೋಂಗಿದ್ರೂ ನನ್ನ ನೋಡಕೆ ಬರ‍್ಲಿಲ್ಲ ನನ್ನ ಮಗ, ನೀನು ಅಂಗೆ ಬೈದಿದ್ದಕ್ಕೇ ಅಂತಾಳೆ. ಎರಡು ವರ್ಸದಿಂದ ನನ್ನ ತಟ್ಟೆಗೆ ಮುದ್ದೆ ಇಕ್ಕಿ ಒಳಿಕ್ಕೆ ಓಯ್ತಾಳೆ. ಉಣ್ಣು ಅನ್ನಕಿಲ್ಲ."

"ಅವನು ಮನೆಗೇ ಬರ‍್ತಿದ್ದ," ಎಂದಳು ಬೃಂದಾ. "ಕಾರು ತಿರುಗಿದ್ದು. ಅವನಲ್ಲ."

ಉಮಾಶಂಕರ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಆಳೆತ್ತರದ ಗಂಡಸು ಬಿಕ್ಕಿದ್ದನ್ನು ಅವಳು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಮುಟ್ಟಲು ಕೈ ಹೋಯಿತು. ಅದು ಯಾವ ಕೈ ಎಂದು ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು.

ಅವನು ಎದ್ದು ಮುಖ ಒರೆಸಿಕೊಂಡ. "ನಾಲ್ಕೂ ಆಕಿ. ಆಕಿ ಬನ್ನಿ ನನ್ ಜೊತೆ. ಇದನ್ನ ಅವ್ವಂಗೆ ನೀವೇ ಹೇಳ್ಬೇಕು. ಇನ್ನೊಂದು." ಅವನು ಕಾರಿನ ಬಾಗಿಲ ಮೇಲೆ ಕೈಯಿಟ್ಟ. "ಅಣ್ಣ ಅನ್ಬೇಡಿ. ಬೇರೆ ಏನಾದ್ರೂ ಅನ್ನಿ. ಅಂಗೆ ಕರಿಯೋನು ಒಬ್ಬನೇ ಇದ್ದ."

ಬೃಂದಾ ನಾಲ್ಕು ಟೈರುಗಳನ್ನೂ ತಿರುಗಿಸಿ ತಿರುಗಿಸಿ ನೋಡಿ ಆರಿಸಿದಳು. ಪಕ್ಕೆಯಲ್ಲಿ ಅಚ್ಚಾದ ತಾರೀಖು ಓದಿದಳು, ರಬ್ಬರು ಒತ್ತಿ ನೋಡಿದಳು, ಗೀರಿನ ಆಳ ಅಳೆದಳು. ಹಿಂದಿನವನ್ನು ಮೊದಲು ಕೂರಿಸಿದಳು. ಅವನು ನಟ್ಟುಗಳನ್ನು ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಕೊಟ್ಟ. ಬೆರಳು ತಗುಲಿದಾಗ ಇಬ್ಬರೂ ಕೈ ಎಳೆದುಕೊಳ್ಳಲಿಲ್ಲ, ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

"ಹೊಸ ಟೈರಿಗೆ ಮೇಲೆ ಜಿಡ್ಡಿರುತ್ತೆ," ಎಂದಳು, ಎಲ್ಲ ಗಿರಾಕಿಗಳಿಗೂ ಹೇಳುವ ಮಾತು. "ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಆಮೇಲೇ ಹಿಡಿತ ಬರೋದು."

ಕಂಪಲಾಪುರದ ದಾರಿಯಲ್ಲಿ ಚಂದು ಸತ್ತ ತಿರುವು ಬಂದಾಗ ಅವನು ಕಾರು ನಿಲ್ಲಿಸಲಿಲ್ಲ. ವೇಗ ಇನ್ನೂ ತಗ್ಗಿಸಿದ. ರಸ್ತೆ ಬದಿಯ ಗೋಣಿಮರದಲ್ಲಿ ತೊಗಟೆ ಸುಲಿದ ಜಾಗ ಇನ್ನೂ ಬೆಳ್ಳಗಿತ್ತು.

ಮನೆಯಂಗಳದಲ್ಲಿ, ಬ್ಯಾರನ್ ಗೂಡಿನ ಮುಂದಿನ ಚಪ್ಪರದಲ್ಲಿ ಅವನ ತಾಯಿ ವೀರಮ್ಮ ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಬೃಂದಾ ಎದುರಿಗೆ ನೆಲದ ಮೇಲೆ ಕೂತು, ಮೊದಲಿಂದ ಕೊನೆಯವರೆಗೆ, ಏನನ್ನೂ ಮುಚ್ಚಿಡದೆ ಹೇಳಿದಳು. ದಾರ ಸುತ್ತುತ್ತಿದ್ದ ಕೈ ನಿಧಾನವಾಗಿ ನಿಂತಿತು.

"ಮನೆಗೇ ಬತ್ತಿದ್ನಾ?"

"ಹೂಂ ಅಮ್ಮ."

"ನನ್ ನೋಡಕೇ ಬತ್ತಿದ್ನಾ?"

"ಹೂಂ."

ವೀರಮ್ಮ ಮಡಿಲಲ್ಲಿದ್ದ ಎಲೆಗಳನ್ನು ನೋಡುತ್ತಾ ಕೂತರು. ಆಮೇಲೆ ಕಣ್ಣೆತ್ತಿದರು. ಆ ಕಣ್ಣಿನಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ.

"ಹೇಳ್ದಲ್ಲ, ಆಯ್ತು. ಎರಡು ವರ್ಸ ಬೇಕಾಯ್ತಾ ತಾಯಿ ನಿಂಗೆ? ಎದ್ದೋಗು. ನಿನ್ನ ಮಕ ನೋಡೋ ಶಕ್ತಿ ನಂಗಿಲ್ಲ."

ಬೃಂದಾ ಎದ್ದಳು. ಉಮಾಶಂಕರ ಏನೋ ಹೇಳಲು ಬಾಯಿ ತೆರೆದ. ಬೇಡ ಎಂದು ಕಣ್ಣಿನಲ್ಲೇ ತಡೆದು ಅಂಗಳ ದಾಟಿದಳು. ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಆ ಮುದುಕಿಯ ದನಿ ಕೇಳಿತು.

"ಉಮಾ, ಬಾ ಮಗ. ಉಣ್ಣು."

ಬೃಂದಾ ತಿರುಗಿ ನೋಡಲಿಲ್ಲ. ಬಸ್ ಸ್ಟಾಪಿನವರೆಗೂ ಮಳೆಯಲ್ಲಿ ನೆನೆಯುತ್ತಾ ಅತ್ತಳು. ಅವನಿಗೆ ಅವನ ತಾಯಿ ಸಿಕ್ಕಳು, ತನ್ನ ಪಾಲಿಗೆ ಇಷ್ಟೇ ಎಂದುಕೊಂಡಳು. ಬಹಳ ಹೊತ್ತು ಕಾದ ಮೇಲೆ ಹುಣಸೂರಿನ ಬಸ್ಸು ಬಂತು, ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು.

ಅರ್ಧ ದಾರಿಯಲ್ಲಿ ಡ್ರೈವರ್ ಕನ್ನಡಿ ನೋಡಿ ಬೈಯತೊಡಗಿದ. "ಯಾವನ್ಲಾ ಇವ್ನು? ಆಗಿಂದ ಸೈಡ್ ಕೊಡ್ತಾ ಇವ್ನಿ, ಮುಂದಕ್ಕೆ ಓಯ್ತನೇ ಇಲ್ಲ!"

ಬೃಂದಾ ಹಿಂದಿನ ಗಾಜನ್ನು ಸೆರಗಿನಿಂದ ಒರೆಸಿ ನೋಡಿದಳು. ಕಾಲಿಟ್ಟರೆ ಹಾರುವಂಥ ಆ ಕೆಂಪು ಕಾರು, ಬಸ್ಸಿನ ಹಿಂದೆ ಒಂದೇ ಅಂತರ ಕಾಯ್ದುಕೊಂಡು, ಒಂದು ಮಾರು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಮೆಲ್ಲಗೆ ಬರುತ್ತಿತ್ತು. ಬಸ್ಸು ನಿಂತ ಕಡೆ ನಿಂತಿತು, ಹೊರಟ ಮೇಲೆ ಹೊರಟಿತು. ಹುಣಸೂರಿನವರೆಗೂ ಹಾಗೇ ಬಂತು.

ಅವಳು ಅಂಗಡಿಯ ಮುಂದೆ ಇಳಿದಾಗ ಅವನೂ ಗಾಜು ಇಳಿಸಿದ.

"ಉಂಡ್ರಾ?" ಎಂದು ಕೇಳಿದಳು. ಬೇರೇನೂ ತೋಚಲಿಲ್ಲ.

"ಉಂಡೆ. ಎದುರಿಗೇ ಕೂತು ಬಡಿಸಿದ್ಲು." ಸ್ವಲ್ಪ ಹೊತ್ತು ಸ್ಟೇರಿಂಗ್ ಸವರಿದ. "ನಿಮ್ಮ ಎಸ್ರು ಮನೇಲಿ ಎತ್ತಬೇಡ ಅಂದ್ಲು."

"ನ್ಯಾಯ ತಾನೆ."

"ನಂಗೂ ಸಿಟ್ಟೈತೆ. ಇಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ಒಂದು ವರ್ಸದಿಂದ ನಾನು ಗಾಳಿ ನೋಡ್ಸೋಕೆ ಬತ್ತಿರ‍್ಲಿಲ್ಲ ಕಣ್ರೀ. ನಿಮ್ಮನ್ನ ನೋಡಕೆ ಬತ್ತಿದ್ದೆ. ಸಿಟ್ಟು ಬಂತು ಅಂತ ಅದು ಸುಳ್ಳಾಗಕಿಲ್ಲ."

ಬೃಂದಾ ಒದ್ದೆ ಸೆರಗು ಹಿಂಡುತ್ತಾ ನಿಂತಳು. ಒಳಗೆ ಕುರ್ಚಿಯಲ್ಲಿ ಅಪ್ಪ ಪೇಪರಿನ ಹಿಂದೆ ಅಡಗಿಕೊಂಡರು. ಪೇಪರು ತಲೆಕೆಳಗಾಗಿತ್ತು.

"ನಂಗೂ ಗೊತ್ತಿತ್ತು," ಎಂದಳು. "ನಂಗೂ ಹಂಗೇ. ಅದಕ್ಕೇ ಬಾಯಿ ಬಿಡೋಕೆ ಹೆದರಿಕೆ ಆಗಿದ್ದು."

ಅವನು ಮೀಟರ್ ನೋಡಿದ. "ಭಾನ್ವಾರ ಓಡ್ಸಲ್ಲ ಅಂತ ಫೋನ್ ಮಾಡ್ದೆ. ಇನ್ನೂ ನೂರಿಪ್ಪತ್ತು ಕಿಲೋಮೀಟರ್ ಉಳಿದೈತೆ. ನಾಳೆಯಿಂದ ದಿನಾ ಒಂದಿಷ್ಟು ಓಡಿಸ್ತೀನಿ. ಪಕ್ಕದಲ್ಲಿ ನೀವು ಕೂತ್ಕಬೇಕು."

"ಅದು ಮುಗಿದ ಮೇಲೆ?"

"ಆಮೇಲೇ ಇಡಿತ ಬರೋದು ಅಂದಿದ್ರಲ್ಲ. ನೋಡಾಣ."

ಅವನು ಗೇರ್ ಹಾಕಿದ. ಬೃಂದಾ ಹಿಂದಿನ ಚಕ್ರದ ಹತ್ತಿರ ಹೋಗಿ, ಆಳದ ಗೀರಿನ ಮೇಲೆ ಅಂಗೈಯಿಟ್ಟಳು. ಆಮೇಲೆ ಕರೆದಳು. ಅಣ್ಣ ಅನ್ನಲಿಲ್ಲ, ಇವ್ರೇ ಅನ್ನಲಿಲ್ಲ.

"ರೀ."

ಅವನು ತಿರುಗಿ ನೋಡಿದ.

"ಮೆಲ್ಲಗೆ ಹೋಗಿ."