ಎಡಕ್ಕೆ ಎಳೆಯುವ ಕಂಟ್ರೋಲರ್

"ಇದನ್ನ ನಿಮಗೆ ಕೊಡಲ್ಲ."

ಗುಬ್ಬಿ ದಂಗಾಗಿ ನಿಂತಳು. ಬಂದ ಗಿರಾಕಿಗೆ ಸಾಮಾನು ಕೊಡುವುದಿಲ್ಲ ಎನ್ನುವ ಅಂಗಡಿಯವನನ್ನು ಅವಳು ಇದೇ ಮೊದಲು ನೋಡುತ್ತಿದ್ದದ್ದು. ಅವಳ ಕೈಯಲ್ಲಿದ್ದದ್ದು ಆರು ಆಂಟೆನಾಗಳ ದೊಡ್ಡ ರೂಟರ್.

"ಯಾಕೆ, ಮಾರೋಕಲ್ವಾ ಇಟ್ಟಿರೋದು?"

"ಮಾರೋಕೇ. ಆದ್ರೆ ನಿಮಗೆ ಬೇಡ." ಗೇಮ್ ಸಾಮಾನಿನ ಅಂಗಡಿಯ ರಿಪೇರಿಯವನು ಎದುರಿಗೆ ಬಿಚ್ಚಿಟ್ಟಿದ್ದ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ. "ಮನೇಲಿ ಎಷ್ಟು ಟಿವಿ?"

"ಎರಡು. ಹಾಲ್‌ನಲ್ಲಿ ಒಂದು, ಅಪ್ಪನ ರೂಮಲ್ಲಿ ಒಂದು, ಎರಡಕ್ಕೂ ಗೇಮ್ ಮಶೀನ್ ಇದೆ. ಒಂದೊಂದರ ಮುಂದೆ ಇಬ್ಬಿಬ್ಬರು ಕೂತು, ನಾಲ್ಕೂ ಜನ ಒಂದೇ ಕಾರ್ ರೇಸ್ ಆಡ್ಬೇಕು."

"ಮಧ್ಯೆ ಗೋಡೆ ಇದೆಯಾ?"

"ಗೋಡೆ ಇಲ್ದೆ ರೂಮು ಹೇಗಾಗುತ್ತೆ?"

ಆಗ ಅವನು ತಲೆ ಎತ್ತಿದ. ನಗು ತಡೆದುಕೊಂಡ ಮುಖ. ಗುಬ್ಬಿಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷದಿಂದ ಲೈಬ್ರರಿಯಲ್ಲಿ ಕೂತು, ಒಂದೇ ಒಂದು 'ಶ್' ಎಂದು ಇಡೀ ಹಾಲನ್ನು ತೆಪ್ಪಗಾಗಿಸುವವಳು ಅವಳು. ಇವನ ಮುಂದೆ ಆ ಜಂಬವೆಲ್ಲ ಎಲ್ಲಿ ಹೋಯಿತೋ!

"ಗಾಳೀಲಿ ಹೋಗೋ ಸಿಗ್ನಲ್ಲು ಗೋಡೆ ದಾಟೋವಾಗ ತಡವರಿಸುತ್ತೆ ಮೇಡಂ. ಓಡ್ತಿರೋ ಕಾರು ಇದ್ದಲ್ಲೇ ನಿಂತ್ಬಿಡುತ್ತೆ. ಇಂಟರ್ನೆಟ್ ವೈರ್ ಹಂಚೋ ಒಂದು ಚಿಕ್ಕ ಸ್ವಿಚ್ ತಗೊಳ್ಳಿ, ಅಲ್ಲಿಂದ ಎರಡೂ ಕಡೆಗೆ ಕೇಬಲ್ ಎಳೆಯೋಣ. ಸಾಕು. ಆಡೋರು ಯಾರು?"

"ಅಪ್ಪ, ಅವರ ಮೂರು ಜನ ಸ್ನೇಹಿತರು. ಎಲ್ಲಾ ರಿಟೈರ್ ಆದ ಬಸ್ ಡ್ರೈವರ್‌ಗಳು."

"ಹಾಗಾದ್ರೆ ಕೈ ದೊಡ್ಡದಿರುತ್ತೆ." ಅವಳು ಆರಿಸಿಟ್ಟಿದ್ದ ಚೆಂದದ ಪುಟ್ಟ ಕಂಟ್ರೋಲರ್‌ಗಳನ್ನು ಪಕ್ಕಕ್ಕೆ ಸರಿಸಿ, ದಪ್ಪ ಹಿಡಿಯ ಮೂರನ್ನು ತೆಗೆದಿಟ್ಟ. "ವೈರ್ ಇರೋದೇ ಇರಲಿ. ಮಧ್ಯದಲ್ಲಿ ಚಾರ್ಜ್ ಹೋದ್ರೆ, ಸೋತೋರು ಅದನ್ನೇ ನೆಪ ಮಾಡ್ಕೊಂಡು ಜಗಳ ತೆಗೀತಾರೆ."

ಗುಬ್ಬಿಗೆ ನಗು ಬಂದೇಬಿಟ್ಟಿತು. 'ಸೊಕ್ಕೇನೋ ಇದೆ... ಆದರೆ ಕೆಲಸ ಬಲ್ಲವನು' ಎಂದುಕೊಂಡಳು. "ಮೂರು ಸಾಕು. ಅಪ್ಪನಿಗೆ ಅವರ ಹಳೇದೇ ಆಗ್ಬೇಕು, ಬೇರೆ ಮುಟ್ಟಲ್ಲ."

ಭಾನುವಾರದ ಈ ರೇಸ್ ಪಾರ್ಟಿಗೆ ಅವಳು ಇಷ್ಟು ಒದ್ದಾಡುತ್ತಿದ್ದದ್ದು ಸುಮ್ಮನೆ ಅಲ್ಲ. ಎರಡು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಬಡಿದಿತ್ತು. ನಡಿಗೆ ಸುಧಾರಿಸಿತು, ಎಡಗೈ ಅರೆಬರೆ. ಅಂದಿನಿಂದ ಅವರು ಸ್ನೇಹಿತರಿಗೆ ಬಾಗಿಲು ತೆಗೆದಿರಲಿಲ್ಲ. 'ಅಯ್ಯೋ ಪಾಪ ಅನ್ನಿಸ್ಕೊಳ್ಳೋಕೆ ನನಗಿಷ್ಟ ಇಲ್ಲ' ಎಂಬುದೊಂದೇ ಮಾತು. ಆದರೆ ಕಾರ್ ರೇಸ್ ಆಟದಲ್ಲಿ ಮಾತ್ರ ಮಗಳನ್ನು ದಿನಾ ಸೋಲಿಸುತ್ತಿದ್ದರು. ಆ ಧೈರ್ಯದ ಮೇಲೆಯೇ ಕೊನೆಗೊಂದು ದಿನ, "ಬರ್ಲಿ ಕಣೇ, ಒಬ್ಬೊಬ್ಬರನ್ನೂ ನೋಡ್ಕೊತೀನಿ" ಎಂದಿದ್ದರು. ಈ ಭಾನುವಾರ ಮಧ್ಯಾಹ್ನ ಮಾನ ಹೋಯಿತೋ, ಆ ಬಾಗಿಲು ಇನ್ನು ತೆರೆಯುವುದಿಲ್ಲ ಎಂದು ಗುಬ್ಬಿಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ರಿಪೇರಿಯವನು ಕೇಬಲ್ ಎಳೆಯಲು ಮನೆಗೆ ಬಂದ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಗುಬ್ಬಿ ಟೀ ತಂದಾಗಲೆಲ್ಲ ಒಂದು ಮೊಳೆ ಕೈಜಾರುತ್ತಿತ್ತು. ಅಪ್ಪ ಎಲ್ಲವನ್ನೂ ನೋಡಿಯೂ ನೋಡದವರಂತೆ, "ಏನ್ ಡಾಕ್ಟ್ರೇ, ಆಪರೇಷನ್ ಮುಗೀತಾ?" ಎಂದು ಛೇಡಿಸಿದರು.

ಹೊರಡುವಾಗ ಅವನು ಅಪ್ಪನ ಹಳೆಯ ಕಂಟ್ರೋಲರನ್ನು ತಿರುಗಿಸಿ ನೋಡಿದ. "ಧೂಳು ಕೂತಿದೆ ಅಂಕಲ್. ಕ್ಲೀನ್ ಮಾಡಿ ತಂದ್ಕೊಡ್ತೀನಿ."

ಶನಿವಾರ ಬೆಳಿಗ್ಗೆ ಅದು ಹೊಸದರಂತೆ ಫಳಫಳ ಹೊಳೆಯುತ್ತ ವಾಪಸ್ ಬಂತು. ಬಾಗಿಲಲ್ಲೇ ಕೊಟ್ಟು, ಅವಳ ಮುಖವನ್ನು ಒಂದು ಕ್ಷಣ ನೋಡಿ ಹೋದ. ಗುಬ್ಬಿಗೆ ಇಡೀ ಬೆಳಿಗ್ಗೆ ಕಾಲು ನೆಲದ ಮೇಲಿರಲಿಲ್ಲ.

ಆದರೆ ಮಧ್ಯಾಹ್ನ ಅಪ್ಪ ಆಡಲು ಕೂತರೆ... ಮೊದಲ ಎಡ ತಿರುವಿನಲ್ಲೇ ಕಾರು ಹೋಗಿ ಗೋಡೆಗೆ ಗುದ್ದಿತು. ಎರಡನೆಯದರಲ್ಲೂ ಅಷ್ಟೇ. ಐದನೆಯ ಸಲಕ್ಕೆ ಅಪ್ಪ ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡರು.

"ನಾಳೆ ಬರ್ಬೇಡಿ ಅಂತ ಅವರಿಗೆ ಹೇಳ್ಬಿಡಮ್ಮ."

"ಯಾಕಪ್ಪಾ? ಏನಾಯ್ತು?"

"ಹೆಬ್ಬೆರಳಿಗೆ ಎಡಕ್ಕೆ ತಳ್ಳೋ ಶಕ್ತಿ ಬಂದೇ ಇಲ್ಲ ಕಣೇ." ಅಪ್ಪ ಅವಳ ಕಡೆ ನೋಡಲಿಲ್ಲ. "ಕಂಟ್ರೋಲರಲ್ಲಿ ಹೆಬ್ಬೆರಳಿಡೋ ಆ ಹಳೇ ಕಡ್ಡಿ ಸವೆದು, ತಾನಾಗೇ ಎಡಕ್ಕೆ ಎಳೀತಿತ್ತು. ಬಲಕ್ಕೆ ಬೇಕಾದ್ರೆ ನಾನು ತಳ್ತಿದ್ದೆ, ಎಡಕ್ಕೆ ಬೇಕಾದ್ರೆ ಕೈ ಬಿಡ್ತಿದ್ದೆ. ಅದು ಕೆಟ್ಟಿದ್ದಕ್ಕೇ ನಾನು ಗೆಲ್ತಿದ್ದೆ. ಈಗ ಡಾಕ್ಟ್ರು ಹೊಸದು ಹಾಕಿ ಸರಿ ಮಾಡ್ಬಿಟ್ಟಿದಾರೆ."

ಕೈ ಹುಷಾರಾಗುತ್ತಿದೆ ಎಂದು ಎರಡು ವರ್ಷ ಅವಳು ನಂಬಿದ್ದಳು. ನಂಬಲಿ ಎಂದೇ ಅಪ್ಪ ಬಾಯಿ ಬಿಟ್ಟಿರಲಿಲ್ಲ.

ದುಃಖಕ್ಕೆ ದಾರಿ ಕಾಣದೆ ಅದು ಸಿಟ್ಟಾಯಿತು. ಆ ಸಿಟ್ಟು ನೇರ ಅಂಗಡಿಗೆ ಹೋಯಿತು.

"ಯಾರನ್ನ ಕೇಳಿ ಕಡ್ಡಿ ಬದಲಾಯಿಸಿದ್ರಿ?"

"ಅದು... ಎಡಕ್ಕೆ ಎಳೀತಿತ್ತು. ನಿಮಗೆ ಖುಷಿ ಆಗುತ್ತೆ ಅಂತ..."

"ಅದು ಎಳೀತಿದ್ದದ್ದಕ್ಕೇ ನಮ್ಮಪ್ಪ ಆಡ್ತಿದ್ದಿದ್ದು! ಅವರ ಬೆರಳಿಗೆ ಶಕ್ತಿ ಇಲ್ಲ. ಕಂಡಿದ್ದನ್ನೆಲ್ಲ ಬಿಚ್ಚಿ ಸರಿ ಮಾಡೋ ಚಟ ಇದ್ರೆ ನಮ್ಮಪ್ಪನ್ನೂ ಬಿಚ್ಚಿ ಸರಿ ಮಾಡಿ, ನೋಡೋಣ."

ಅವನ ಮುಖ ಬಿಳುಚಿತು. ಗುಬ್ಬಿ ಕಂಟ್ರೋಲರನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದಳು. ದಾರಿಯುದ್ದಕ್ಕೂ ತಾನಾಡಿದ ಮಾತು ತನಗೇ ಚುಚ್ಚುತ್ತಿತ್ತು. 'ನನ್ನ ಸಂತೋಷಕ್ಕೆ ಮಾಡಿದ್ದ... ಎಂಥಾ ಮಾತಂದೆ!'

ಸ್ನೇಹಿತರಿಗೆ ಬರಬೇಡಿ ಎಂದು ಹೇಳಲು ಫೋನು ಕೈಗೆತ್ತಿಕೊಂಡಳು, ಇಟ್ಟಳು. ಮತ್ತೆ ಎತ್ತಿಕೊಂಡಳು. ಭಾನುವಾರ ಬೆಳಗಾದರೂ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಹತ್ತು ಗಂಟೆಗೆ ಬಾಗಿಲು ಬಡಿದದ್ದು ಸ್ನೇಹಿತರಲ್ಲ. ಅವನು. ಕೈಯಲ್ಲಿ ಕಂಟ್ರೋಲರ್, ಒಂದು ಪುಟ್ಟ ತಗಡಿನ ಡಬ್ಬಿ.

"ಗಿರಾಕಿಗಳ ಹಳೇ ಸಾಮಾನು ನಾನು ಎಸೆಯಲ್ಲ," ಎಂದ ತಲೆ ತಗ್ಗಿಸಿ. ಡಬ್ಬಿಯ ಮೇಲೆ 'ಗುಬ್ಬಿ ಮನೆ' ಎಂದು ಬರೆದ ಚೀಟಿ. ಒಳಗೆ ಸವೆದ ಆ ಕಡ್ಡಿ. "ಅಂಕಲ್ ಒಪ್ಪಿದ್ರೆ ವಾಪಸ್ ಕೂರಿಸ್ತೀನಿ. ಅವರನ್ನೇ ಕೇಳ್ತೀನಿ."

ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತು, ಹಳೆಯ ಕಡ್ಡಿಯನ್ನು ಮತ್ತೆ ಬೆಸುಗೆ ಹಾಕಿದ. "ಇಷ್ಟು ಎಳೆದ್ರೆ ಸಾಕಾ ಅಂಕಲ್?"

ಅಪ್ಪ ಬೆರಳಿಟ್ಟು ನೋಡಿದರು. ಟಿವಿಯಲ್ಲಿ ಕಾರು ಎಡಕ್ಕೆ ಹೊರಳಿತು.

"ಇನ್ನೊಂಚೂರು ಕೆಡಿಸಿ ಡಾಕ್ಟ್ರೇ," ಎಂದರು.

ಮಧ್ಯಾಹ್ನ ಮೂವರೂ ಬಂದರು. ಆಟ ಶುರುವಾಯಿತು. ಕೇಬಲ್ ಒಮ್ಮೆಯೂ ಕೈಕೊಡಲಿಲ್ಲ. ಅಪ್ಪ ಮೊದಲ ರೇಸ್ ಗೆದ್ದರು, ಎರಡನೆಯದನ್ನೂ ಗೆದ್ದರು.

"ಏನೋ ಇದು, ಎಡಕ್ಕೆ ಹೀಗೆ ತಿರುಗಿಸ್ತೀಯಾ?" ಎಂದರು ಗೆಳೆಯರಲ್ಲಿ ಮೀಸೆಯವರು.

ರೂಮಿನಲ್ಲಿ ಆಡುತ್ತಿದ್ದ ಇಬ್ಬರೂ ಎದ್ದು ಹಾಲ್‌ಗೆ ಬಂದರು.

"ನಾನೆಲ್ಲಿ ತಿರುಗಿಸ್ತೀನೋ," ಎಂದರು ಅಪ್ಪ ನಿಧಾನವಾಗಿ, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ. "ಈ ಬೆರಳು ಸತ್ತಿದೆ. ಈ ಕಡ್ಡಿನೇ ತಾನಾಗಿ ಎಳೆಯುತ್ತೆ."

"ಹಾಗಾದ್ರೆ ಅದು ಮೋಸ!" ಮೀಸೆಯವರು ನಿಂತೇಬಿಟ್ಟರು. "ಸರ್ವೀಸಲ್ಲಿದ್ದಾಗಲೂ ಒಳ್ಳೇ ಗಾಡಿ ಇವನೇ ಹೊಡ್ಕೊತಿದ್ದ. ಬರೋ ವಾರ ಅದು ನನಗೆ ಕೊಡ್ಬೇಕು!"

"ಬರೋ ವಾರ ಬಾ, ಕೊಡ್ತೀನೋ ಇಲ್ವೋ ನೋಡು."

ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಬೈದಾಡಿಕೊಂಡು ಮೂರನೆಯ ರೇಸ್ ಹಚ್ಚಿದರು. ಗುಬ್ಬಿ ಅಡುಗೆಮನೆಗೆ ಓಡಿ ನಲ್ಲಿ ಬಿಟ್ಟು, ಮನಸಾರೆ ಅತ್ತಳು.

ಹಿಂದೆಯೇ ಬಂದ ರಿಪೇರಿಯವನು ಬಾಗಿಲಲ್ಲೇ ನಿಂತ. "ನಾನು ಹೊರಡ್ತೀನಿ."

"ಇರಿ." ಅವಳು ಕಣ್ಣೊರೆಸಿಕೊಂಡಳು. "ನಿನ್ನೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಿ."

"ಒಂದು ಮಾತು ಕೇಳಿದ್ರೆ ಆಗ್ತಿತ್ತು, ನಾನು ಕೇಳ್ಲಿಲ್ಲ. ತಪ್ಪು ನಂದೇ." ಅವನು ಡಬ್ಬಿಯ ಮುಚ್ಚಳವನ್ನು ತೆಗೆದು ಮುಚ್ಚಿ ಮಾಡುತ್ತಿದ್ದ. "ಈಗ ಒಂದು ಕೇಳ್ಲಾ?"

"ಕೇಳಿ."

"ನೀವು ರೂಟರ್ ಹಿಡ್ಕೊಂಡು ಜಗಳಕ್ಕೆ ಬಂದ ದಿನದಿಂದ ನನಗೆ ಬೇರೆ ಯೋಚನೆ ಇಲ್ಲ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಬರೋ ಭಾನುವಾರಾನೂ ಬರ್ಲಾ?"

ಗುಬ್ಬಿ ನಲ್ಲಿ ನಿಲ್ಲಿಸಿದಳು.

"ಪ್ರತಿ ಭಾನುವಾರ ಬನ್ನಿ. ನನಗೂ ನೀವಿರ್ಬೇಕು. ಆದ್ರೆ ನನ್ನಲ್ಲಿ ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ..."

"ಮೊದಲು ಕೇಳ್ತೀನಿ."

"ಕೇಳಿದ್ಮೇಲೆ?"

"ಹಾಗೇ ಬಿಡ್ತೀನಿ."